ಕಿವಿಯ ಸಾಕ್ಷ್ಯ

ಮನೆಯ ಪುಸ್ತಕಗಳನ್ನು ಗೆದ್ದಲಿನಿಂದ ಕಾಪಾಡುವ ವಿಷಯವನ್ನು ಈ ಸಂಚಿಕೆಯಲ್ಲಿ ಬರೆಯುವೆನೆಂದು ಹೋದ ತಿಂಗಳು ಮಾತು ಕೊಟ್ಟಿದ್ದೆನು. ವಾಚಕ ಮಹಾಶಯರು ಕ್ಷಮಿಸಬೇಕು. ಗೆದ್ದಲು ಇನ್ನೊಂದು ತಿಂಗಳು ಕಾದೀತು. ನಮ್ಮ ಮನೆಯಲ್ಲಿಯೇ ಒಂದು ವ್ಯಾಜ್ಯವು ಎದ್ದು, ಅದನ್ನು ಹತ್ತು ದಿನಗಳೊಳಗಾಗಿ ತೀರ್ಮಾನಿಸಬೇಕಾಗಿ ಬಂದುದರಿಂದ ಬೇರೆ ಯಾವುದಕ್ಕೂ ಮನಸ್ಸು ಓಡಲಿಲ್ಲ.

ನನಗೆ ಅರುವತ್ತು ತುಂಬಿತೆಂದು, ಪರಸ್ಥಳದಲ್ಲಿ ಉದ್ಯೋಗದಲ್ಲಿರುವ ನಮ್ಮ ಮಗಳು ಒಂದು ಹೆಡ್‌ಫೋನನ್ನು ಕಳುಹಿಸಿಕೊಟ್ಟಳು. ಇದನ್ನು ‘ಶ್ರವಣಯುಗ್ಮ’ವೆಂದು ಕರೆಯಬಹುದೆಂದು ನಾನು ಸೂಚಿಸಿದೆನು. ಹಾಗೆ ಕೇಳಿದರೆ ಯಾವ ಅಂಗಡಿಯವನೂ ಕೊಡಲಾರನೆಂದು ನಮ್ಮ ಮನೆಯವಳು ನಕ್ಕಳು; ಆದಕಾರಣ ರೂಢಿಯ ಮಾತನ್ನೇ ಬಳಸುತ್ತೇನೆ. ಬೆಲೆಯನ್ನು ಮಗಳು ಹೇಳಲಿಲ್ಲ. ಆದರೆ ಪೆಟ್ಟಿಗೆಯ ಮೇಲೆ ಮುದ್ರಿಸಿತ್ತು. ನನ್ನ ಅರ್ಧ ತಿಂಗಳ ಪಿಂಚಣಿ ಅದರಲ್ಲಿ ಕರಗಿಹೋಗುತ್ತಿತ್ತು. ನನ್ನಲ್ಲಿ ಮೊದಲೇ ಒಂದು ಹೆಡ್‌ಫೋನು ಇದ್ದಿತು. 2020ರಲ್ಲಿ ಶಾಲೆಗಳು ಮುಚ್ಚಿ, ಮನೆಯಿಂದಲೇ ಪಾಠ ಹೇಳಬೇಕಾಗಿ ಬಂದಾಗ ಸಾವಿರ ರೂಪಾಯಿಗೆ ಕೊಂಡದ್ದು. ಅದರ ಮೆತ್ತೆಯ ಹೊದಿಕೆಯು ಸಿಪ್ಪೆಯೆದ್ದು, ತೆಗೆದಾಗಲೆಲ್ಲ ನನ್ನ ಕಿವಿಗಳಿಗೆ ಕಾಡಿಗೆ ಹಚ್ಚಿದಂತಾಗುತ್ತಿತ್ತು.

ಆ ರಾತ್ರಿ ಹೊಸದನ್ನು ಫೋನಿಗೆ ಸಿಕ್ಕಿಸಿ ಒಂದು ಕಚೇರಿಯ ಧ್ವನಿಮುದ್ರಣವನ್ನು ಕೇಳಿದೆನು. ಬಡಕಲು ಧ್ವನಿ, ಮೃದಂಗವು ಪಕ್ಕದ ಬೀದಿಯಲ್ಲಿ ನುಡಿಯುವಂತಿತ್ತು. ಹಳೆಯದನ್ನು ಹಾಕಿಕೊಂಡೆನು, ಅದೇ ಮೃದಂಗವು ಎದೆಗೆ ಬಂದು ತಾಕಿತು. ಮರುದಿನ ಮಗಳು ಫೋನು ಮಾಡಿ, “ಹೇಗಿದೆ ಅಪ್ಪಾ?” ಎಂದಳು. “ಬಹಳ ಸೊಗಸಾಗಿದೆಯಮ್ಮ” ಎಂದೆನು. ಫೋನನ್ನು ಕೆಳಗಿಟ್ಟ ಮೇಲೆ ಮನೆಯವಳು ಮೊರದಿಂದ ಕಣ್ಣೆತ್ತದೆಯೇ, “ಮಗುವಿಗೆ ಸುಳ್ಳು ಹೇಳಿದಿರಿ. ಇಷ್ಟವಿಲ್ಲದಿದ್ದರೆ ಹತ್ತು ದಿನದಲ್ಲಿ ಹಿಂದಕ್ಕೆ ಕಳುಹಿಸಬಹುದೆಂದು ಅವಳೇ ಹೇಳಿರಲಿಲ್ಲವೆ? ಅಷ್ಟು ದುಡ್ಡು ಸುಮ್ಮನೆ ಹೋಗಬೇಕೆ?” ಎಂದಳು. ಹಿಂದಿರುಗಿಸಿದರೆ ಅವಳ ಮನಸ್ಸು ನೋಯುವುದು. ಇಟ್ಟುಕೊಂಡರೆ ಅವಳ ದುಡಿಮೆಯು ವ್ಯರ್ಥವಾಗುವುದು. ನ್ಯಾಯವಾಗಿ ಪರೀಕ್ಷಿಸಿ ನೋಡುವುದೊಂದೇ ಉಳಿದ ದಾರಿಯಾಗಿತ್ತು.

ನೆರೆಮನೆಯಲ್ಲಿ ಇಂಜಿನಿಯರಿಂಗು ಓದುವ ಹುಡುಗನೊಬ್ಬನಿದ್ದಾನೆ. ಅವನು ಪೆಟ್ಟಿಗೆಯ ಮೇಲಿನ ಅಂಕಿಗಳನ್ನು ಓದಿದ ಕೂಡಲೆ, “ಮೇಷ್ಟ್ರೇ, ತಪ್ಪು ಇದರದಲ್ಲ, ನಿಮ್ಮ ಫೋನಿನದು” ಎಂದನು. ಹಳೆಯದರ ವಿದ್ಯುತ್ ನಿರೋಧವು 32 ಓಮ್, ಹೊಸದರದು 300 ಓಮ್. ಒಂದೇ ವೋಲ್ಟೇಜನ್ನು ಕೊಟ್ಟರೆ ಎರಡನೆಯದು ಮೊದಲನೆಯದರ ಒಂಬತ್ತನೆಯ ಒಂದು ಪಾಲಿನಷ್ಟು ಶಕ್ತಿಯನ್ನು ಮಾತ್ರ ಪಡೆಯುತ್ತದೆ. ಮಿಕ್ಕ ಗುಣಗಳು ಸಮನಾಗಿದ್ದರೂ ಇದರಿಂದ ಸುಮಾರು 10 ಡೆಸಿಬಲ್ ತಗ್ಗಿ, ಕಿವಿಗೆ ಶಬ್ದವು ಅರ್ಧಕ್ಕೆ ಇಳಿದಂತೆ ತೋರುತ್ತದೆ. ಹುಡುಗನು ತನ್ನಲ್ಲಿದ್ದ ಅಂಗೈಯಗಲದ ಆಂಪ್ಲಿಫೈಯರನ್ನು ತಂದುಕೊಟ್ಟನು.

ಇಲ್ಲಿ ಒಂದು ಸೂಕ್ಷ್ಮವುಂಟು. ಶಬ್ದವು ಕಡಿಮೆಯಾದರೆ ನಮಗೆ ‘ಕಡಿಮೆಯಾಯಿತು’ ಎಂದು ಮಾತ್ರ ತೋರುವುದಾದರೆ ತೊಂದರೆಯಿರಲಿಲ್ಲ. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಫ್ಲೆಚರ್ ಮತ್ತು ಮನ್ಸನ್ ಎಂಬ ಇಬ್ಬರು 1933ರಲ್ಲಿ ಪ್ರಕಟಿಸಿದ ರೇಖೆಗಳಿಂದ ತಿಳಿಯುವುದೇನೆಂದರೆ, ಸಣ್ಣ ಶಬ್ದದಲ್ಲಿ ನಮ್ಮ ಕಿವಿಯು ಮಂದ್ರಸ್ವರಗಳಿಗೆ ಬಹಳ ಮಂದವಾಗಿರುತ್ತದೆ. ಶಬ್ದವು ಏರಿದಂತೆಲ್ಲ ಆ ಮಂದ್ರವು ಮಧ್ಯಸ್ವರಗಳಿಗಿಂತ ಬೇಗನೆ ತುಂಬಿಕೊಳ್ಳುತ್ತದೆ. ಅಂದಮೇಲೆ ಜೋರಾಗಿ ನುಡಿಯುವ ಯಂತ್ರವು ಬರಿಯ ಜೋರಾಗಿ ತೋರುವುದಿಲ್ಲ. ತುಂಬಿದ ಧ್ವನಿಯುಳ್ಳದ್ದಾಗಿ, ಒಳ್ಳೆಯದಾಗಿ ತೋರುತ್ತದೆ. ಒಂದೆರಡು ಡೆಸಿಬಲಿನ ವ್ಯತ್ಯಾಸವಂತೂ ಶಬ್ದದ ವ್ಯತ್ಯಾಸವೆಂದು ಗೊತ್ತಾಗುವುದೇ ಇಲ್ಲ, ಗುಣವೆಂದೇ ಭ್ರಮೆ ಹುಟ್ಟಿಸುತ್ತದೆ.

ತರ್ಕಶಾಸ್ತ್ರವನ್ನು ಓದಿದವರಿಗೆ ಇದು ಹೊಸದೇನಲ್ಲ. ಬೆಂಕಿಯಿದ್ದಲ್ಲೆಲ್ಲ ಹೊಗೆಯಿರುವುದೆಂದು ಯಾವನಾದರೂ ವಾದಿಸಿದರೆ, ನೈಯಾಯಿಕನು ಹಸಿಯ ಸೌದೆಯನ್ನು ತೋರಿಸಿ, ‘ಇದು ಉಪಾಧಿ’ ಎನ್ನುತ್ತಾನೆ. ಹೊಗೆಗೆ ಕಾರಣ ಬರಿಯ ಬೆಂಕಿಯಲ್ಲ, ಸೌದೆಯ ಹಸಿತನ. ಮೂವತ್ತೈದು ವರ್ಷ ಮಕ್ಕಳಿಗೆ ಈ ದೃಷ್ಟಾಂತವನ್ನು ಹೇಳಿದವನು, ನನ್ನ ತಲೆಯ ಮೇಲೆಯೇ ಹಸಿಸೌದೆಯನ್ನು ಹೊತ್ತುಕೊಂಡು ಮೃದಂಗವನ್ನು ಹೊಗಳುತ್ತಿದ್ದೆನು.

ಉಪಾಧಿಯನ್ನು ಕಳೆಯಲು ನಾವು ಮಾಡಿದ ಏರ್ಪಾಡನ್ನು ಹೇಳುತ್ತೇನೆ. ಬೇಕಾದವರು ಮಾಡಿ ನೋಡಬಹುದು. ದಪ್ಪ ರಟ್ಟಿನಲ್ಲಿ ಒಂದು ರಂಧ್ರವನ್ನು ಕೊರೆದು, ಅದರಲ್ಲಿ ಇನ್ನೊಂದು ಫೋನಿನ ಮೈಕು ಕೂಡುವಂತೆ ಇರಿಸಿದೆವು. ಹೆಡ್‌ಫೋನಿನ ಒಂದು ಬಟ್ಟಲನ್ನು ರಟ್ಟಿನ ಮೇಲೆ ಬಿರುಕಿಲ್ಲದಂತೆ ಕವುಚಿ, 1,000 ಹರ್ಟ್ಸ್‌ನ ಒಂದೇ ಸಮನಾದ ನಾದವನ್ನು ನುಡಿಸಿದೆವು. ಶಬ್ದವನ್ನಳೆಯುವ ಆ್ಯಪು ಎರಡಕ್ಕೂ ಒಂದೇ ಅಂಕಿಯನ್ನು ತೋರಿಸುವವರೆಗೆ ಆಂಪ್ಲಿಫೈಯರನ್ನು ತಿರುಗಿಸಿ, ಎರಡರ ಗುರುತನ್ನೂ ಪೆನ್ಸಿಲಿನಿಂದ ಹಾಕಿಕೊಂಡೆವು. ಪ್ರಯೋಗಶಾಲೆಯ ನಿಖರತೆ ಇದಕ್ಕಿಲ್ಲ. ಆದರೂ ಬರಿಯ ಅಂದಾಜಿಗಿಂತ ಸಾವಿರ ಪಾಲು ಮೇಲು.

ಯಾವುದು ಯಾವುದೆಂದು ತಿಳಿಯದಂತೆ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಕೇಳುವೆನೆಂದು ನಾನು ಹುರುಪಿನಿಂದ ಕುಳಿತೆನು. ಅದು ಸಾಧ್ಯವಾಗಲಿಲ್ಲ. ಒಂದರ ಮೆತ್ತೆ ಮಕಮಲ್ಲು, ಇನ್ನೊಂದರದು ಸಿಪ್ಪೆಯೆದ್ದ ಕೃತಕ ಚರ್ಮ. ಕಣ್ಣು ಕಟ್ಟಿದರೆ ಕೆನ್ನೆಯು ಹೇಳಿಬಿಡುತ್ತದೆ. ಅಮೆರಿಕದ ಹರ್ಮನ್ ಸಂಸ್ಥೆಯಲ್ಲಿ ಶಾನ್ ಆಲಿವ್ ಮೊದಲಾದ ಸಂಶೋಧಕರು ಇದಕ್ಕಾಗಿಯೇ ಒಂದೇ ಹೆಡ್‌ಫೋನಿನೊಳಗೆ ಬೇರೆಬೇರೆ ಹೆಡ್‌ಫೋನುಗಳ ನಾದಗುಣವನ್ನು ಅನುಕರಿಸಿ ಕೇಳಿಸುವ ಉಪಾಯವನ್ನು ಹೂಡಿದರು. ನಮಗೆ ಅಷ್ಟು ಅನುಕೂಲವೆಲ್ಲಿಂದ ಬರಬೇಕು? ಬೆಲೆಯನ್ನರಿಯದ ಮನೆಯವಳನ್ನೇ ಮುಖ್ಯ ಪರೀಕ್ಷಕಳನ್ನಾಗಿ ಮಾಡಿಕೊಂಡೆವು. ಬೆಲೆಯು ಕಿವಿಯನ್ನು ಕೆಡಿಸುವಂತೆ ಬೇರೊಂದು ಕೆಡಿಸಲಾರದು. ಬ್ರೇಬಾರ್ಟ್ ಎಂಬ ವಿದ್ವಾಂಸರು 2017ರಲ್ಲಿ 283 ಹೆಡ್‌ಫೋನುಗಳ ಅಳತೆಗಳನ್ನು ಪರಿಶೀಲಿಸಿ, ಸ್ವರಗಳನ್ನು ಯಾವ ಪ್ರಮಾಣದಲ್ಲಿ ನುಡಿಸುತ್ತವೆಂಬುದಕ್ಕೂ ಬೆಲೆಗೂ ಸಂಬಂಧವೇ ಕಾಣಲಿಲ್ಲವೆಂದು ಬರೆದಿದ್ದಾರೆ. ಇದನ್ನು ನಾನು ಪರೀಕ್ಷೆಗೆ ಮುಂಚೆ ಓದಿ, ಹಳೆಯದು ಗೆಲ್ಲುವುದು ಖಂಡಿತವೆಂದು ಬಗೆದಿದ್ದೆನು.

ಇನ್ನೊಂದು ಸಣ್ಣ ಸಂಗತಿ, ಕನ್ನಡಕದವರಿಗೆ ಮಾತ್ರ. ಕನ್ನಡಕದ ಕಡ್ಡಿಯು ಮೆತ್ತೆಯನ್ನು ಎತ್ತಿ ಹಿಡಿದು ಸಂದು ಮಾಡುತ್ತದೆ. ಆ ಸಂದಿನಿಂದ ಮಂದ್ರವು ಸೋರಿಹೋಗುತ್ತದೆ. ಮುಚ್ಚಿದ ಬೆನ್ನಿನ ಹೆಡ್‌ಫೋನುಗಳಲ್ಲಿ ಇದು ಹೆಚ್ಚು. ಹೋಲಿಸುವಾಗ ಕನ್ನಡಕವನ್ನು ತೆಗೆದಿಡುವುದು ಮೇಲು. ದೊಡ್ಡ ಓಲೆಯೂ ಹೀಗೆಯೇ ಅಡ್ಡಿಯಾದೀತು.

ಕೇಳುವುದಕ್ಕೆ ಏನನ್ನು ಆರಿಸಬೇಕು? ಚಿತ್ರಗೀತೆಯು ಮುದ್ರಣಶಾಲೆಯಲ್ಲಿ ಮೂಲತಃ ಹೇಗಿತ್ತೆಂದು ನಮಗೆ ಗೊತ್ತಿಲ್ಲ. ಮೂಲವನ್ನು ತಿಳಿಯದೆ ಪ್ರತಿಯನ್ನು ತಿದ್ದುವುದು ಹೇಗೆ? ಮನೆಯವಳು ತನ್ನ ತಂಬೂರಿಯನ್ನು ತಂದು ನಡುಮನೆಯಲ್ಲಿಟ್ಟು, “ಇದನ್ನೇ ಮುದ್ರಿಸಿಕೊಳ್ಳಿ, ಆಮೇಲೆ ಇದರೊಡನೆಯೇ ಹೋಲಿಸಿ” ಎಂದಳು. ಇದಕ್ಕಿಂತ ಒಳ್ಳೆಯ ಪ್ರಮಾಣವು ಸಿಕ್ಕದು. ತಂಬೂರಿಯ ನಾದವೆಂದರೆ ಸಾಮಾನ್ಯವಲ್ಲ. ಕುದುರೆಯ ಮೇಲೆ ತಂತಿಯಡಿಯಲ್ಲಿ ಸಿಕ್ಕಿಸುವ ನೂಲಿನೆಳೆಯಿಂದ ಅದಕ್ಕೆ ಜೀವ ಬರುತ್ತದೆ. ತಂತಿಯನ್ನು ಇಂಥ ಬಿಂದುವಿನಲ್ಲಿ ಮೀಟಿದರೆ ಇಂಥ ಉಪಸ್ವರವು ಹುಟ್ಟದೆಂದು ಹಳೆಯ ನಿಯಮವೊಂದು ಹೇಳುತ್ತದೆ. ತಂಬೂರಿಯಲ್ಲಿ ಆ ಉಪಸ್ವರವೂ ಬಲವಾಗಿ ಕೇಳಿಬರುತ್ತದೆ. ಸರ್ ಸಿ. ವಿ. ರಾಮನ್ನರು 1921ರಲ್ಲಿಯೇ ಈ ವಿಚಿತ್ರವನ್ನು ಕುರಿತು ಲೇಖನವನ್ನು ಬರೆದರು.

ಅವಳು ತಂಬೂರಿಯನ್ನು ಮೀಟಿ, ಕಣ್ಣು ಮುಚ್ಚಿ ಹಳೆಯದನ್ನು ಹಾಕಿಕೊಂಡಳು. ಮತ್ತೆ ಮೀಟಿ ಹೊಸದನ್ನು. ಹೀಗೆ ಆರು ಸಲ. ಬಳಿಕ, “ಸಂಶಯವೇ ಇಲ್ಲ. ಇದರಲ್ಲಿ ತಂತಿಯ ಮೇಲೆ ಎಳೆಯೆಳೆಯಾಗಿ ಏರುವ ನಾದ ಬಿಡಿಬಿಡಿಯಾಗಿ ಕೇಳುತ್ತದೆ, ಅದರಲ್ಲಿ ಹಿಟ್ಟು ಕಲಸಿದ ಹಾಗಿದೆ” ಎಂದಳು. ‘ಇದು’ ಎಂದದ್ದು ಹೊಸದನ್ನು. ಹುಡುಗನೂ ಹಾಗೆಯೇ ಹೇಳಿದನು. ನಾನು ಹಾಕಿಕೊಂಡೆನು. ಈಗ ಹೊಸದು ಬಡಕಲಾಗಿರಲಿಲ್ಲ, ನಿಜ. ಆದರೆ ಎಳೆಯೆಳೆಯಾಗಿ ಏರುವುದೇನೂ ನನಗೆ ಕೇಳಿಸಲಿಲ್ಲ. ಎರಡೂ ಒಂದೇ ಎಂದೆನು. “ಇಷ್ಟು ಸ್ಪಷ್ಟವಾಗಿದೆಯಲ್ಲ ಮೇಷ್ಟ್ರೇ!” ಎಂದ ಹುಡುಗನು, ನನ್ನ ಮುಖವನ್ನು ನೋಡಿ ಸುಮ್ಮನಾದನು.

ಅನಂತರ ಅವನು ನಾದವನ್ನು ಮೆಲ್ಲಮೆಲ್ಲನೆ ಮೇಲಕ್ಕೆ ಏರಿಸುತ್ತ ಹೋದನು. ಮನುಷ್ಯನ ಕಿವಿಯ ವ್ಯಾಪ್ತಿ 20ರಿಂದ 20,000 ಹರ್ಟ್ಸ್ ಎಂದು ಪುಸ್ತಕಗಳಲ್ಲಿದೆ; ಅದು ಎಳೆಯ ಕಿವಿಯ ಮಾತು. ಅವನಿಗೆ 16,000ವನ್ನು ದಾಟಿಯೂ ಕೇಳಿಸುತ್ತಿತ್ತು. ಮನೆಯವಳು 12,000ದಲ್ಲಿ ಕೈಯೆತ್ತಿದಳು. ನಾನು 7,000 ಎಂಬಲ್ಲಿ, “ಇನ್ನೂ ಏಕೆ ನುಡಿಸಲಿಲ್ಲ?” ಎಂದು ಕೇಳಿದೆನು.

ಮನೆಯ ಪ್ರಯೋಗವನ್ನು ನಂಬಿ ರೋಗವನ್ನು ನಿಶ್ಚಯಿಸಬಾರದು. ಮಾನಸಗಂಗೋತ್ರಿಯಲ್ಲಿ, 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ಮೈಸೂರಿನಲ್ಲಿ ಹುಟ್ಟಿ ಬೆಳೆದು, ಅದರ ಮುಂದೆ ಎಷ್ಟು ವರ್ಷ ಸೈಕಲ್ಲು ತುಳಿದಿದ್ದರೂ ಒಳಕ್ಕೆ ಹೋದವನಲ್ಲ. ಹೋದೆನು. ಶಬ್ದವು ಹೊಕ್ಕದ ಕೊಠಡಿಯಲ್ಲಿ ಕೂರಿಸಿ, ತಲೆಗೆ ಮತ್ತೊಂದು ಹೆಡ್‌ಫೋನನ್ನೇ ಹಾಕಿ ಪರೀಕ್ಷಿಸಿದರು. ಬಲಗಿವಿಗೆ ಕೆಂಪು ಸೊನ್ನೆ, ಎಡಗಿವಿಗೆ ನೀಲಿಯ ಗುಣಾಕಾರ ಚಿಹ್ನೆ. ಎರಡು ಗೆರೆಗಳೂ 2,000 ಹರ್ಟ್ಸ್‌ವರೆಗೆ ಸಮನಾಗಿ ಬಂದು, ಆ ಮೇಲೆ ಬೆಟ್ಟದ ಇಳುಕಲಿನಂತೆ ಕೆಳಕ್ಕೆ ಜಾರಿದ್ದುವು. ವಯಸ್ಸಿನಿಂದ ಬರುವ ಕಿವುಡು ಮೇಲಿನ ಸ್ವರಗಳಿಂದಲೇ ಪ್ರಾರಂಭವಾಗುತ್ತದೆಂದೂ, ಜೋರಾಗಿ ಕೇಳುವ ಅಭ್ಯಾಸವು ಅದನ್ನು ಹೆಚ್ಚಿಸಬಲ್ಲದೆಂದೂ ಪರೀಕ್ಷಿಸಿದ ಹುಡುಗಿಯು ವಿನಯದಿಂದ ತಿಳಿಸಿದಳು. ವಿಶ್ವ ಆರೋಗ್ಯ ಸಂಸ್ಥೆಯವರು ದೊಡ್ಡವರಿಗೆ ವಿಧಿಸಿರುವ ಮಿತಿಯು 80 ಡೆಸಿಬಲ್ ಮಟ್ಟದಲ್ಲಿ ವಾರಕ್ಕೆ 40 ಗಂಟೆ. ಪ್ರತಿ 3 ಡೆಸಿಬಲ್ ಏರಿದಂತೆ ಅವಧಿಯು ಅರ್ಧಕ್ಕೆ ಇಳಿಯಬೇಕು. ನಮ್ಮ ರಟ್ಟಿನ ಮೇಲೆ ನನ್ನ ರೂಢಿಯ ಶಬ್ದವನ್ನು ಅಳೆದಾಗ 90ನ್ನು ದಾಟಿದ್ದಿತು.

“ಮಾತಿನಲ್ಲಿ ಸಕಾರದಂಥ ಅಕ್ಷರಗಳು ಮಬ್ಬಾಗುತ್ತವೆಯೆ?” ಎಂದು ಅವಳು ಕೇಳಿದಳು. ಸಕಾರದ ಸೀತ್ಕಾರವು ಬಹುಮಟ್ಟಿಗೆ 4,000ದಿಂದ ಮೇಲಿರುತ್ತದಂತೆ. ಶಕಾರದ್ದು ಅದಕ್ಕಿಂತ ಕೆಳಗೆ ತೊಡಗುತ್ತದೆ. ಮೇಲಿನ ಭಾಗವು ಮುಟ್ಟದ ಕಿವಿಗೆ ಎರಡಕ್ಕೂ ಭೇದವು ಅಳಿದುಹೋಗುತ್ತದೆ. ನನಗೆ ಉತ್ತರ ಹೊರಡಲಿಲ್ಲ. ನಿವೃತ್ತಿಗೆ ಹಿಂದಿನ ವರ್ಷ, ಶ್ಲೋಕಪಠನದ ಸ್ಪರ್ಧೆಗೆ ಮಕ್ಕಳನ್ನು ಆರಿಸುವಾಗ, ಒಬ್ಬ ಹುಡುಗಿಯು ‘ಸಕಲ’ವೆನ್ನುವಲ್ಲಿ ‘ಶಕಲ’ವೆಂದಳೆಂದು ತಡೆದು ನಿಲ್ಲಿಸಿದ್ದೆನು. ಒಂದು ಸಮಸ್ತ, ಇನ್ನೊಂದು ಚೂರು. ಸಂಸ್ಕೃತದ ಮೇಷ್ಟರಾದವರು ಸುಮ್ಮನಿರುವುದು ಹೇಗೆ? “ಸಕಲ ಎಂದೇ ಹೇಳಿದೆ ಸಾರ್” ಎಂದಳು. ತರಗತಿಯ ಎದುರಿಗೆ ಮೂರು ಸಲ ಹೇಳಿಸಿದೆನು. ಮೂರು ಸಲವೂ ನನಗೆ ಶಕಲವೆಂದೇ ಕೇಳಿಸಿತು. ಅವಳನ್ನು ಬಿಟ್ಟು ಇನ್ನೊಬ್ಬಳನ್ನು ಕಳುಹಿಸಿದೆನು.

ಎಂಟನೆಯ ದಿನ ಮಗಳಿಗೆ ಫೋನು ಮಾಡಿ ಎಲ್ಲವನ್ನೂ ಹೇಳಿದೆನು, ಮೊದಲ ದಿನದ ಸುಳ್ಳನ್ನೂ ಸೇರಿಸಿ. ಅವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ನಿಧಾನವಾಗಿ, ಬಿಡಿಸಿ ಬಿಡಿಸಿ ಮಾತಾಡತೊಡಗಿದಳು. ಎಷ್ಟು ದಿನದಿಂದ ಹಾಗೆ ಮಾತಾಡುತ್ತಿದ್ದಳೋ ನಾನು ಗಮನಿಸಿರಲಿಲ್ಲ. ಹೆಡ್‌ಫೋನನ್ನು ಹಿಂದಿರುಗಿಸಲಿಲ್ಲ. ಸಂಜೆಯ ಹೊತ್ತು ಮನೆಯವಳು ಅದನ್ನು ಹಾಕಿಕೊಂಡು ಕುಳಿತುಕೊಳ್ಳುತ್ತಾಳೆ. ನಾನು ಹಳೆಯದಕ್ಕೆ ಹೊಸ ಮೆತ್ತೆಗಳನ್ನು ತರಿಸಿ, ಪೆನ್ಸಿಲಿನ ಗುರುತಿಗಿಂತ ಕೆಳಗೆ ಕೇಳುತ್ತೇನೆ. ಶ್ರವಣಸಾಧನವನ್ನು ಕಿವಿಗೆ ಹೊಂದಿಸಿ ನೋಡಲು ಮುಂದಿನ ತಿಂಗಳು ಬರಹೇಳಿದ್ದಾರೆ. ಆ ಹುಡುಗಿಯ ಮನೆಯು ನಮ್ಮಿಂದ ಎರಡು ಬೀದಿಗಳಾಚೆ. ಈಗ ಕಾಲೇಜಿನಲ್ಲಿ ಓದುತ್ತಾಳೆಂದು ಕೇಳಿದ್ದೇನೆ. ಸಾಧನವು ಬಂದ ಮೇಲೆ ಹೋಗೋಣವೆಂದು ನಾನು ಅಂದರೆ, ಅದಕ್ಕೂ ಮೊದಲೇ ಹೋಗಿಬನ್ನಿರೆಂದು ಮನೆಯವಳು ಹೇಳುತ್ತಿದ್ದಾಳೆ.