ಪಂಚಾಯಿತಿಗೆ ಕೂರಲು ಕಲಿತವರೂ ಬೇಕು

ಗುಂಡ್ಲುಪೇಟೆ, ಚಾಮರಾಜನಗರ ಕಡೆ ನೆಲೆಸಿದ ನಮ್ಮ ಮನೆಗಳಲ್ಲಿ ಗಂಡ-ಹೆಂಡತಿ ಜಗಳ ಹೊಸಿಲು ದಾಟಿತೆಂದರೆ ಮೊದಲು ಬರುವುದು ಜಮಾಅತ್ ಕಮಿಟಿಗೆ. ಇಶಾ ನಮಾಝ್ ಮುಗಿಸಿ ನಾಲ್ಕು ಜನ ಕೂರುತ್ತಾರೆ. ಹುಡುಗನ ಕಡೆಯವರು ಅಲ್ಲೇ ಇರುತ್ತಾರೆ. ಹುಡುಗಿಯ ತವರು ಬಂಟ್ವಾಳದಲ್ಲೋ ಉಳ್ಳಾಲದಲ್ಲೋ, ಸುಮಾರು ಮುನ್ನೂರು ಕಿ.ಮೀ. ದೂರ. ಅವರ ಮಾತೆಲ್ಲ ಮೊಬೈಲ್ ಸ್ಪೀಕರಿನಲ್ಲಿ. ಹತ್ತು ಗಂಟೆ ಆಗುವಾಗ "ಸ್ವಲ್ಪ ಹೊಂದಿಕೊಂಡು ಹೋಗಮ್ಮಾ" ಅಂತ ಹೇಳಿ ಎಲ್ಲರೂ ಏಳುತ್ತಾರೆ. ಮೂರು ತಿಂಗಳ ಬಳಿಕ ಅದೇ ಜೋಡಿ, ಅದೇ ಕುರ್ಚಿ. ಆಮೇಲೆ ಪೊಲೀಸ್ ಠಾಣೆ, ವಕೀಲರು, ತಲಾಖ್ ಅಥವಾ ಖುಲಾ.

ಸೂರಃ ಅನ್ನಿಸಾದ 35ನೇ ಆಯತ್ ಗಂಡನ ಕಡೆಯಿಂದ ಒಬ್ಬರು, ಹೆಂಡತಿಯ ಕಡೆಯಿಂದ ಒಬ್ಬರು ಮಧ್ಯಸ್ಥರು ಬೇಕೆನ್ನುತ್ತದೆ. ಇದನ್ನು ಮದ್ರಸದಲ್ಲಿ ನಾವು ಮಕ್ಕಳಿಗೂ ಕಲಿಸುತ್ತೇವೆ. ಪಂಚಾಯಿತಿಯಲ್ಲಿ ಆ ಎರಡನೆಯ ಕುರ್ಚಿ ಎಷ್ಟು ಸಲ ಖಾಲಿ ಇರುತ್ತದೆ ಎಂಬುದು ಕಮಿಟಿಯವರಿಗೇ ಗೊತ್ತು. ಕಮಿಟಿಯ ಹಿರಿಯರನ್ನು ನಾವು ಹಗುರವಾಗಿ ಕಾಣುತ್ತಿಲ್ಲ. ನಿದ್ದೆಗೆಟ್ಟು ಕೂತು ಅವರು ಉಳಿಸಿದ ಮನೆಗಳೂ ಇವೆ. ಆದರೆ ಈ ಕೆಲಸಕ್ಕೆ ಈಗ ಓದು ಇದೆ, ತರಬೇತಿ ಇದೆ. ನಮ್ಮ ಡಿಗ್ರಿ ಮುಗಿಸಿದ ಮಕ್ಕಳು ಆ ಕಡೆ ಯಾಕೆ ನೋಡುತ್ತಿಲ್ಲ?

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ 1963ರಲ್ಲೇ ದಾಂಪತ್ಯ ಮತ್ತು ಕುಟುಂಬ ಚಿಕಿತ್ಸಕರಿಗೆ ಲೈಸೆನ್ಸ್ ತಂದಿತು. ಇಂದು ಅಲ್ಲಿನ 50 ರಾಜ್ಯಗಳಲ್ಲೂ ಅದಿದೆ. ಸ್ನಾತಕೋತ್ತರ ಪದವಿ ಮುಗಿಸಿ, ಸಾಮಾನ್ಯವಾಗಿ ಎರಡು ವರ್ಷ ಹಿರಿಯರ ಉಸ್ತುವಾರಿಯಲ್ಲಿ ಕೆಲಸ ಮಾಡಿದ ಮೇಲಷ್ಟೇ ಸ್ವತಂತ್ರವಾಗಿ ಕೂರಬಹುದು. ನಮ್ಮ ದೇಶದಲ್ಲಿ ಈ ಹೆಸರಿನ ಪ್ರತ್ಯೇಕ ಲೈಸೆನ್ಸ್ ಇಲ್ಲ. ಹಾಗಾಗಿ ಹದಿನೈದು ದಿನದ ಆನ್‌ಲೈನ್ ಸರ್ಟಿಫಿಕೇಟ್ ಹಿಡಿದು ಕೌನ್ಸೆಲಿಂಗ್ ಬೋರ್ಡ್ ತೂಗಿಹಾಕುವವರೂ ಇದ್ದಾರೆ, ಹುಷಾರು.

ನಮ್ಮಲ್ಲಿ ಸರಿಯಾದ ದಾರಿ ಎರಡು. ಒಂದು ಎಂಎಸ್‌ಡಬ್ಲ್ಯು, ಇನ್ನೊಂದು ಮನಶ್ಶಾಸ್ತ್ರದಲ್ಲಿ ಎಂಎ ಅಥವಾ ಎಂಎಸ್ಸಿ. ಎರಡೂ ಎರಡು ವರ್ಷದ ಓದು. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಎರಡೂ ವಿಭಾಗಗಳಿವೆ. ಗುಂಡ್ಲುಪೇಟೆಯಿಂದ ಬಸ್ಸಿನ ದಾರಿ. ಊರ ಕಡೆ ಅಜ್ಜಿಮನೆ ಇದ್ದವರಿಗೆ ಮಂಗಳೂರಿನಲ್ಲಿ 1960ರಲ್ಲಿ ಶುರುವಾದ ರೋಶನಿ ನಿಲಯ ಇದೆ. ಅದಾದ ಮೇಲೆ ಬೆಂಗಳೂರಿನ ನಿಮ್ಹಾನ್ಸ್. ಅಲ್ಲಿ ಎಂಎಸ್‌ಡಬ್ಲ್ಯು ಆದವರಿಗೆ ಸೈಕಿಯಾಟ್ರಿಕ್ ಸೋಷಿಯಲ್ ವರ್ಕ್, ಮನಶ್ಶಾಸ್ತ್ರದವರಿಗೆ ಕ್ಲಿನಿಕಲ್ ಸೈಕಾಲಜಿ ಎಂದು ಎರಡೆರಡು ವರ್ಷದ ಎಂಫಿಲ್ ನಡೆಯುತ್ತಿತ್ತು. ಯುಜಿಸಿ ಎಂಫಿಲ್ ಪದವಿಯನ್ನೇ ನಿಲ್ಲಿಸಿದರೂ ಈ ಎರಡು ಕೋರ್ಸ್‌ಗಳಿಗೆ 2025-26ರವರೆಗೆ ಅವಕಾಶ ಕೊಟ್ಟಿತು. ಸೇರುವ ಮುಂಚೆ ಈಗಿನ ಹೆಸರು, ಮಾನ್ಯತೆ ಎರಡನ್ನೂ ಸಂಸ್ಥೆಯಲ್ಲೇ ಕೇಳಿಕೊಳ್ಳಿ.

ಅಷ್ಟು ವರ್ಷ ಕಲಿಯಲು ಏನಿದೆ ಅಂತ ಕೇಳುವವರಿದ್ದಾರೆ. ಬುದ್ಧಿವಾದ ಹೇಳದೆ ಇರುವುದನ್ನು ಕಲಿಯಲಿಕ್ಕೇ ಒಂದು ವರ್ಷ ಬೇಕು! ಮೂರು ತಲೆಮಾರಿನ ಸಂಬಂಧಗಳನ್ನು ಒಂದು ಹಾಳೆಯಲ್ಲಿ ಗೆರೆ ಎಳೆದು ಬರೆಯುತ್ತಾರೆ. ಯಾರು ಯಾರ ಜೊತೆ ಮಾತು ಬಿಟ್ಟಿದ್ದಾರೆ, ಗಲ್ಫಿನಲ್ಲಿರುವವನ ಹಣ ಯಾರ ಕೈ ಸೇರುತ್ತದೆ, ಸೊಸೆಯ ಮೇಲಿನ ಸಿಟ್ಟು ನಿಜಕ್ಕೂ ಯಾರ ಮೇಲಿನದು, ಎಲ್ಲ ಅಲ್ಲಿ ಕಾಣುತ್ತದೆ. ಕಲಿಯುವವರು ಕುಟುಂಬದ ಜೊತೆ ಮಾತಾಡಿದ್ದನ್ನು ಗುರುಗಳು ನೋಡಿ ತಿದ್ದುತ್ತಾರೆ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಆವರಣದಲ್ಲೇ ಡೇರೆ ಹಾಕಿಸಿ ರೋಗಿಯ ಮನೆಯವರನ್ನೂ ಉಳಿಸಿಕೊಂಡಿದ್ದರು. ಒಬ್ಬರ ಕಷ್ಟ ಇಡೀ ಮನೆಯದು ಎಂಬ ತಿಳಿವಳಿಕೆ ನಮ್ಮ ದೇಶಕ್ಕೆ ಹೊಸದೇನಲ್ಲ.

ನಮ್ಮ ಮಕ್ಕಳೇ ಯಾಕೆ ಅಂದರೆ, ಭಾಷೆಗಾಗಿ. ಈ ಭಾಗದಲ್ಲಿ ಒಂದೇ ಮನೆಯೊಳಗೆ ಬ್ಯಾರಿ, ಉರ್ದು, ಕನ್ನಡ, ಗಡಿ ದಾಟಿದರೆ ಮಲಯಾಳವೂ ಇರುತ್ತದೆ. ಅಳುವಾಗ ಬರುವ ಭಾಷೆ ಒಂದೇ. ಅದನ್ನು ಅರ್ಥ ಮಾಡಿಕೊಳ್ಳುವ ಒಬ್ಬ ಹೆಣ್ಣುಮಗಳು ಎದುರಿಗೆ ಕೂತರೆ, ಕಮಿಟಿಯ ಮುಂದೆ ತಲೆ ಎತ್ತದವಳೂ ಬಾಯಿ ಬಿಟ್ಟಾಳು. ಡಾಕ್ಟರ್, ಎಂಜಿನಿಯರ್ ಓದುವವರಿಗೆ ಜಮಾಅತ್‌ಗಳು ಕೊಡುವ ಸ್ಕಾಲರ್‌ಶಿಪ್ ಪಟ್ಟಿಗೆ ಈ ಓದನ್ನೂ ಸೇರಿಸಬೇಕು. ಎರಡು ತಾಲೂಕಿನವರು ಸೇರಿ ಒಬ್ಬಳನ್ನು ಓದಿಸಿದರೂ ಸಾಕು.

ಆದರೆ ಕಮಿಟಿಗಳು ಈಗಲೇ ಎರಡು ಮಾತು ಒಪ್ಪಬೇಕು. ಹೊಡೆತ ಬಡಿತ ಇರುವ ಮನೆಯಲ್ಲಿ ಇಬ್ಬರನ್ನೂ ಒಟ್ಟಿಗೆ ಕೂರಿಸಿ ರಾಜಿ ಮಾಡಿಸಲು ಕಲಿತವರು ಒಪ್ಪಲಾರರು. ಮೊದಲು ಆಕೆಯ ರಕ್ಷಣೆ ನೋಡುತ್ತಾರೆ. ಅದಕ್ಕೆ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಇದೆ. ಎರಡನೆಯದು ಕಷ್ಟದ್ದು. ಅಲ್ಲಿ ಆಡಿದ ಮಾತು ಜಮಾಅತ್ ರಿಜಿಸ್ಟರಿಗೆ ಬರುವುದಿಲ್ಲ. "ನಾವು ಫೀಸು ಕೊಟ್ಟು ಓದಿಸಿದ್ದು, ಅವರ ಮನೆಯಲ್ಲಿ ಏನಂತೆ" ಅಂತ ಅಧ್ಯಕ್ಷರೇ ಕೇಳಿದರೂ ಆಕೆ ಹೇಳಬಾರದು.

ಅಲ್ಲಿಯವರೆಗೆ ಟೆಲಿ ಮಾನಸ್ ಇದೆ, 14416. ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು. ನಾಳೆ ನಮ್ಮವಳೊಬ್ಬಳು ಕಲಿತು ಬಂದಾಗ ಪಳ್ಳಿಯ ಕಚೇರಿಯಲ್ಲೇ ಟೇಬಲ್ ಹಾಕಿಕೊಟ್ಟರೆ ಯಾರೂ ಮೆಟ್ಟಿಲು ಹತ್ತುವುದಿಲ್ಲ. ಪೇಟೆಯಲ್ಲಿ ಬೇರೆಯೇ ಒಂದು ಕೋಣೆ ನೋಡಿ, ಅಂಗಡಿ ಸಾಲಿನ ಕಣ್ಣಿಗೆ ಬೀಳದ ಕಡೆ.