ತಾರುಣ್ಯದ ಗಡಿಯಾರವೂ ತಾಯಿಯ ಮೇಲಣ ಅಪವಾದವೂ

ಎಂಟು ವರ್ಷ ತುಂಬುವ ಮೊದಲೇ ಹೆಣ್ಣುಮಗುವೊಂದರ ಮೈಯಲ್ಲಿ ಪ್ರಾಯದ ಕುರುಹುಗಳು ತಲೆದೋರಿದರೆ, ನಮ್ಮ ಮನೆಗಳಲ್ಲಿ ಮೊದಲು ವಿಚಾರಣೆಗೆ ಗುರಿಯಾಗುವವಳು ಆ ಮಗುವಿನ ತಾಯಿ. ಉಷ್ಣದ ಪದಾರ್ಥಗಳನ್ನು ತಿನ್ನಿಸಿದಳೆಂದು ಒಬ್ಬರು, ಅವಳ ತವರಿನ ಹೆಣ್ಣುಮಕ್ಕಳೆಲ್ಲ ಬೇಗನೆ ಮೈನೆರೆದವರೆಂದು ಇನ್ನೊಬ್ಬರು ಆಡಿಕೊಳ್ಳುತ್ತಿರುವಾಗ, ಆ ಹೆಂಗಸು ತಾನೆಸಗದ ತಪ್ಪಿಗಾಗಿ ತಲೆತಗ್ಗಿಸಿ ನಿಲ್ಲುವುದನ್ನು ನೋಡಿದವರಿಗೆ, ಈ ವಿಷಯದಲ್ಲಿ ವಿಜ್ಞಾನವು ಕಂಡುಕೊಂಡಿರುವುದನ್ನು ಹೇಳದೆ ಸುಮ್ಮನಿರುವುದು ನ್ಯಾಯವೆನಿಸದು.

ತಾರುಣ್ಯದ ಗಡಿಯಾರವಿರುವುದು ಅಡುಗೆಮನೆಯಲ್ಲಲ್ಲ, ಮಿದುಳಿನ ತಳದಲ್ಲಿ. ಅಲ್ಲಿನ ಹೈಪೊಥಲಾಮಸ್ ಎಂಬ ಭಾಗದಲ್ಲಿ ಚದುರಿಕೊಂಡಿರುವ ಕೆಲವೇ ಸಾವಿರ ನರಕೋಶಗಳು, ಸುಮಾರು ಗಂಟೆ ಒಂದೂವರೆ ಗಂಟೆಗೊಮ್ಮೆ ಮಿಡಿದು, ಒಂದು ಕಿರಿಯ ಹಾರ್ಮೋನನ್ನು ತೊಟ್ಟಿಕ್ಕಿಸುವುವು. ಅದು ಪಿಟ್ಯುಟರಿ ಗ್ರಂಥಿಯನ್ನು ಎಬ್ಬಿಸಲು, ಪಿಟ್ಯುಟರಿಯು ಅಂಡಾಶಯವನ್ನೋ ವೃಷಣವನ್ನೋ ಎಬ್ಬಿಸುವುದು. ವಿಸ್ಮಯವೆಂದರೆ, ಈ ಮಿಡಿತವು ಹಸುಗೂಸಿನಲ್ಲಿಯೂ ಕೆಲವು ತಿಂಗಳ ಕಾಲ ನಡೆದು ಆಮೇಲೆ ಅಡಗುತ್ತದೆ. ಬಾಲ್ಯವೆಂಬುದು ಇನ್ನೂ ಹುಟ್ಟದಿರುವ ಶಕ್ತಿಯ ಅಭಾವವಲ್ಲ, ಹುಟ್ಟಿದ ಶಕ್ತಿಗೆ ಮಿದುಳು ವಿಧಿಸಿದ ದೀರ್ಘ ಸಂಯಮ.

ಆ ಸಂಯಮವನ್ನು ಸಡಿಲಿಸುವವರಾರು, ಬಿಗಿಹಿಡಿಯುವವರಾರು? ಪ್ರಾಯವೇ ಬಾರದ ಕುಟುಂಬಗಳನ್ನು ಪರೀಕ್ಷಿಸಿದ ಪ್ಯಾರಿಸ್ ಮತ್ತು ಬಾಸ್ಟನ್ನಿನ ಸಂಶೋಧಕರು, ಕಿಸ್‌ಪೆಪ್ಟಿನ್ ಎಂಬ ಚೋದಕವನ್ನು ಬರಮಾಡಿಕೊಳ್ಳುವ ಗ್ರಾಹಕದ ಜೀನಿನಲ್ಲಿ ದೋಷವಿರುವುದನ್ನು 2003ರಲ್ಲಿ ತೋರಿಸಿದರು. ಹತ್ತು ವರ್ಷಗಳ ತರುವಾಯ, ಪ್ರಾಯವು ಅಕಾಲದಲ್ಲಿ ಬಂದ 15 ಕುಟುಂಬಗಳನ್ನು ಶೋಧಿಸಿದ ಬ್ರೆಜಿಲ್ ಮತ್ತು ಅಮೆರಿಕದ ವಿಜ್ಞಾನಿಗಳಿಗೆ, ಅವುಗಳಲ್ಲಿ 5ರಲ್ಲಿ ಎಂಕೆಆರ್‌ಎನ್3 ಎಂಬ ಜೀನು ಕೆಟ್ಟಿರುವುದು ಕಂಡುಬಂದಿತು. ಬಾಲ್ಯದ ಕಡಿವಾಣಗಳಲ್ಲೊಂದು ಇದೇ. ತಾಯಿಯಿಂದ ಬಂದ ಈ ಜೀನಿನ ಪ್ರತಿಯು ಮಗುವಿನಲ್ಲಿ ಮೌನವಾಗಿರುತ್ತದೆ. ಕೆಲಸ ಮಾಡುವುದು ತಂದೆಯಿಂದ ಬಂದುದು ಮಾತ್ರ. ಆದಕಾರಣ ಇಂಥ ಕುಟುಂಬದಲ್ಲಿ ತಾಯಿಯನ್ನೂ ಅವಳ ತವರನ್ನೂ ದೂರುವುದು ಅನ್ಯಾಯವಷ್ಟೇ ಅಲ್ಲ, ಸತ್ಯಕ್ಕೆ ನೇರ ವಿರುದ್ಧ. ಹಾಗೆಂದು ತಂದೆಯನ್ನು ಕಟಕಟೆಗೆ ಎಳೆಯಬೇಕೆಂದು ನಾನು ಹೇಳುತ್ತಿಲ್ಲ; ತನ್ನ ಜೀನನ್ನು ಆರಿಸಿಕೊಂಡು ಹುಟ್ಟಿದವರು ಯಾರೂ ಇಲ್ಲ. ಎಲ್ಲ ಪ್ರಸಂಗಗಳಿಗೂ ಇದೊಂದೇ ಕಾರಣವೂ ಅಲ್ಲ: ಬಾಲಕಿಯರಲ್ಲಿ ಅನೇಕರಿಗೆ ಯಾವ ನಿರ್ದಿಷ್ಟ ಕಾರಣವೂ ಸಿಕ್ಕುವುದಿಲ್ಲ, ಮೈಯ ಕೊಬ್ಬಿಗೂ ಇದರಲ್ಲಿ ಪಾತ್ರವುಂಟು, ಅಪರೂಪವಾಗಿ ಮಿದುಳಿನ ಗಡ್ಡೆಯೂ ಇರಬಹುದು. ಒಂಬತ್ತಕ್ಕೆ ಮೊದಲೇ ಪ್ರಾಯ ಬಂದ ಗಂಡುಮಗುವಿನಲ್ಲಂತೂ ಗಡ್ಡೆಯ ಶೋಧನೆಯನ್ನು ಬಿಡಲಾಗದು.

ಆದುದರಿಂದ ದೂರುವ ನಾಲಗೆಗಿಂತ ಮಕ್ಕಳ ವೈದ್ಯರ ಬಾಗಿಲಿಗೆ ನಡೆಯುವ ಕಾಲುಗಳು ನಮಗೆ ಬೇಕಾಗಿವೆ. ಅಕಾಲದ ಪ್ರಾಯದಲ್ಲಿ ಮಗು ಮೊದಲು ಸರಸರನೆ ಬೆಳೆದರೂ ಎಲುಬಿನ ತುದಿಗಳು ಬೇಗ ಬೆಸೆದುಕೊಳ್ಳುವುದರಿಂದ ಕಡೆಗೆ ಕುಳ್ಳಾಗಿ ಉಳಿಯುವ ಸಂಭವವುಂಟು. ಕೈಯ ಎಕ್ಸ್‌ರೇಯಿಂದ ಎಲುಬಿನ ವಯಸ್ಸನ್ನು ಅಳೆಯುವುದು ಇದಕ್ಕಾಗಿಯೇ. ಚಿಕಿತ್ಸೆಯ ಬೀಜವು ಕೋತಿಗಳ ಮೇಲೆ ಅರ್ನ್‌ಸ್ಟ್ ನೋಬಿಲ್ ಎಂಬ ವಿಜ್ಞಾನಿಯು ನಡೆಸಿದ ಪ್ರಯೋಗದಲ್ಲಿದೆ: ಹೈಪೊಥಲಾಮಸ್ಸಿನ ಆ ಹಾರ್ಮೋನನ್ನು ಗಂಟೆಗೊಮ್ಮೆ ಕೊಟ್ಟರೆ ಪಿಟ್ಯುಟರಿ ಎಚ್ಚರಗೊಳ್ಳುವುದು, ಎಡೆಬಿಡದೆ ಕೊಟ್ಟರೆ ನಿದ್ರಿಸುವುದು. ಅದೇ ಹಾರ್ಮೋನಿನ ಬಲವಾದ ರೂಪವನ್ನು ದೀರ್ಘಕಾಲ ನಿಲ್ಲುವ ಚುಚ್ಚುಮದ್ದಾಗಿ ಕೊಟ್ಟು ಇಂದು ತಾರುಣ್ಯವನ್ನು ತಡೆಹಿಡಿಯುತ್ತಾರೆ. ನಿಲ್ಲಿಸಿದ ಮೇಲೆ ಅದು ತಾನಾಗಿಯೇ ಮುಂದುವರಿಯುತ್ತದೆ. ಅಲ್ಲಿಯವರೆಗೆ ಆ ಮಗುವನ್ನು ದೊಡ್ಡವಳಾದಳೆಂದು ಕುಂಟೆಬಿಲ್ಲೆಯ ಅಂಗಳದಿಂದ ಒಳಗೆ ಕರೆಯಬೇಡಿರಿ. ಅವಳಿಗಿನ್ನೂ ಏಳು ವರ್ಷ.