ಸಂಕಟ ಹೇಳಿಕೊಳ್ಳಲು ಸ್ವಭಾಷೆ ಬೇಡವೆ?

1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತು. ನಮ್ಮ ಶಾಲೆಗಳಲ್ಲಿ ಕನ್ನಡ ಉಳಿಯಿತು. ಆದರೆ ನಾವು ಕೈಹಿಡಿದು ಅಕ್ಷರ ತಿದ್ದಿಸಿದ ಮಕ್ಕಳು ವಿಶ್ವವಿದ್ಯಾನಿಲಯದ ಮೆಟ್ಟಿಲೇರಿದೊಡನೆ ಮೂಕರಾಗುತ್ತಾರೆ. ಪಾಠ ಇಂಗ್ಲಿಷಿನಲ್ಲಿ, ವಿವರಣೆ ಮಲಯಾಳದಲ್ಲಿ. ಮೊದಲ ಸೆಮಿಸ್ಟರಿನಲ್ಲಿ ಎಡವಿದರೆ ದಡ್ಡರೆಂಬ ಹಣೆಪಟ್ಟಿ. ಆಪ್ತಸಮಾಲೋಚನಾ ಕೇಂದ್ರವಿದೆಯಲ್ಲ ಎನ್ನುವವರನ್ನು ನಾವು ಕೇಳುತ್ತೇವೆ: ಎದೆಯ ದುಗುಡವನ್ನು ಪರಭಾಷೆಗೆ ತರ್ಜುಮೆ ಮಾಡಿ ಅಳಲು ಯಾರಿಗೆ ಸಾಧ್ಯ? ಸಂವಿಧಾನದ 350ಎ ವಿಧಿ ಪ್ರಾಥಮಿಕ ಹಂತಕ್ಕೇ ನಿಂತಿರಬಹುದು. ವಿದ್ಯಾರ್ಥಿಯ ಮಾತೃಭಾಷೆ ಅಲ್ಲಿಗೆ ನಿಲ್ಲುವುದಿಲ್ಲ. ನಮ್ಮ ಬೇಡಿಕೆ ಎರಡೇ: ಕನ್ನಡ ಬಲ್ಲ ಒಬ್ಬ ಸಮಾಲೋಚಕ, ಮೊದಲ ವರ್ಷ ಕನ್ನಡದಲ್ಲಿ ಪೂರಕ ತರಗತಿ. ಇಷ್ಟನ್ನೂ ಒದಗಿಸದೆ, ಓದು ಬಿಟ್ಟು ಮರಳಿದ ಮಗುವಿನ ಹೆಸರಿನ ಮುಂದೆ ಅನುತ್ತೀರ್ಣವೆಂದು ಬರೆಯುವ ಅಧಿಕಾರ ಯಾರಿಗೂ ಇಲ್ಲ. ಈ ಸಮ್ಮೇಳನದ ಠರಾವುಗಳಲ್ಲಿ ಇದೇ ಮೊದಲನೆಯದಾಗಲಿ.